ಒಂದು ಕೈಯಲ್ಲಿ ನಾಲ್ಕು ಲೋಟ

ಫ್ರಿಜ್ಜಿನ ಸ್ವಿಚ್ಚು ಆರಿಸಿದೆ. ಬೈಕಿನ ಕೀಲಿಯನ್ನು ಅದರೊಳಗೆ, ಹಾಲಿನ ಪಾತ್ರೆಯ ಪಕ್ಕ ಇಟ್ಟು ಬಾಗಿಲು ಮುಚ್ಚಿದೆ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದ ಮಾಮಿ, "ಕೀ ಅಲ್ಲೆಂತಕ್ಕೆ ಮಾರಾಯ?" ಅಂದರು. ಫ್ರಿಜ್ಜಿನ ಗುಂಯ್‌ಗುಡುವಿಕೆ ಅದರ ಜೊತೆಗೇ ಬಾಳುವ ನಮ್ಮ ಕಿವಿಗೆ ಬೀಳುವುದಿಲ್ಲ, ಮೈಕಿಗೆ ಬೀಳುತ್ತದೆ, ಹಾಗಾಗಿ ಆರಿಸಲೇಬೇಕು. ಮಾತು ಚೆನ್ನಾಗಿ ಆಯಿತೆಂಬ ಖುಷಿಯಲ್ಲಿ ಮತ್ತೆ ಹಾಕುವುದು ಮರೆತರೆ ಮನೆಯವರ ಹಾಲು ಒಡೆಯುತ್ತದೆ. ಕೀಲಿ ಒಳಗಿದ್ದರೆ ಫ್ರಿಜ್ಜಿನ ಬಾಗಿಲು ತೆಗೆಯದೆ ನಾನು ಹೊರಡುವ ಹಾಗಿಲ್ಲ. ಧ್ವನಿಮುದ್ರಣದ ಕೆಲಸದವರು ಒಬ್ಬರಿಂದೊಬ್ಬರು ಕಲಿತುಕೊಂಡು ಬಂದ ಉಪಾಯ ಇದು. ಸಂದರ್ಶನವನ್ನು ಚಿತ್ರೀಕರಿಸುವ ವಿದ್ಯೆಯಲ್ಲಿ ನನಗೆ ತುಂಬ ಇಷ್ಟವಾದ ಸಂಗತಿಗಳಲ್ಲಿ ಇದೂ ಒಂದು. ಯಾರದೋ ಮನೆಗೆ ಅವರ ಮಾತು ಬೇಡಿಕೊಂಡು ಹೋಗುವವರು ಅವರ ಮನೆಯ ಹಾಲಿನ ಬಗ್ಗೆಯೂ ಯೋಚಿಸಿರಬೇಕು.

ಅದು ವಿಕ್ರೋಳಿ ಪೂರ್ವದ ಕನ್ನಮ್‌ವಾರ್ ನಗರ. 1962ರಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿಯಾಗಿ, ಮರುವರ್ಷ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡ ಮಾರೋತರಾವ್ ಕನ್ನಮ್‌ವಾರರ ಹೆಸರಿನ ಬಡಾವಣೆ. ಒಂದು ಕಡೆ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ, ಇನ್ನೊಂದು ಕಡೆ ಕಾಂಡ್ಲಾ ಕಾಡು, ಅದರಾಚೆ ಚಳಿಗಾಲಕ್ಕೆ ಫ್ಲೆಮಿಂಗೋಗಳು ಬಂದಿಳಿಯುವ ಠಾಣೆ ಖಾಡಿ. ಹೌಸಿಂಗ್ ಬೋರ್ಡಿನ ಹಳೆಯ ಕಟ್ಟಡಗಳು ಒಂದೊಂದಾಗಿ ಉರುಳಿ ಅಲ್ಲೀಗ ಟವರುಗಳು ಏಳುತ್ತಿವೆ. ಮಾಮ ಇದ್ದದ್ದು ಅಂಥದೊಂದು ಹಳೆಯ ಕಟ್ಟಡದ ಎರಡನೇ ಮಾಳಿಗೆಯಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ. ಅವರು ರಕ್ತಸಂಬಂಧದಲ್ಲಿ ನನಗೆ ಮಾಮ ಅಲ್ಲ. ನನ್ನ ಅಪ್ಪನೂ ಅವರೂ ಕುಂದಾಪುರದ ಕಡೆಯಿಂದ ಹುಡುಗರಾಗಿ ಬಂದು ಒಂದೇ ಹೋಟೆಲಿನ ಅಟ್ಟದಲ್ಲಿ ಮಲಗಿದವರು. ಮುಂಬಯಿಯಲ್ಲಿ ಸಂಬಂಧ ಹುಟ್ಟಲು ಅಷ್ಟು ಸಾಕು. ಕಟ್ಟಡ ಖಾಲಿ ಮಾಡುವ ನೋಟೀಸು ಬಂದಿದೆ ಎಂದು ತಿಳಿದ ದಿನ, ಇವರ ಮಾತನ್ನು ಇದೇ ಕೋಣೆಯಲ್ಲಿ, ಇದೇ ಕಿಟಕಿಯ ಬೆಳಕಿನಲ್ಲಿ ಹಿಡಿದಿಡಬೇಕು ಅಂದುಕೊಂಡೆ.

ಒಳ್ಳೆಯ ಸಂದರ್ಶನ ನೋಡುವಾಗ ನನಗೆ ಸಿಗುವ ರುಚಿ ತಾಳಮದ್ದಳೆಯ ರುಚಿಗೆ ಹತ್ತಿರದ್ದು. ವೇಷವಿಲ್ಲ, ಕುಣಿತವಿಲ್ಲ, ಕೂತು ಆಡುವ ಮಾತೊಂದೇ ಬಂಡವಾಳ. ತಾಳಮದ್ದಳೆ ಕೇಳಿ ಬೆಳೆದವರಿಗೆ ಗೊತ್ತು, ಕರ್ಣನ ಅರ್ಥ ಏರಬೇಕಾದರೆ ಎದುರಿನ ಕೃಷ್ಣ ಚೆನ್ನಾಗಿರಬೇಕು. ಎದುರಿನವರು ಎಸೆಯುವ ಒಂದು ಸಣ್ಣ ಪ್ರಶ್ನೆ, ಆಮೇಲೆ ಅವರು ಸುಮ್ಮನೆ ಕೊಡುವ ಜಾಗ, ಇವೆರಡರ ಮೇಲೆ ಇವರ ಮಾತು ನಿಂತಿರುತ್ತದೆ. ಸಂದರ್ಶಕನ ಸ್ಥಾನವೂ ಅದೇ. ವ್ಯತ್ಯಾಸವೆಂದರೆ ಇಲ್ಲಿ ಚಪ್ಪಾಳೆ ಉತ್ತರಿಸುವವರಿಗೆ ಮಾತ್ರ ಸಲ್ಲಬೇಕು. ಬಿಬಿಸಿಯಲ್ಲಿ 1959ರಿಂದ 62ರವರೆಗೆ 'ಫೇಸ್ ಟು ಫೇಸ್' ಎಂಬ ಕಾರ್ಯಕ್ರಮ ನಡೆಸಿಕೊಟ್ಟ ಜಾನ್ ಫ್ರೀಮನ್ ಹೆಚ್ಚಿನ ಹೊತ್ತು ಕ್ಯಾಮೆರಾಕ್ಕೆ ಬೆನ್ನು ಹಾಕಿಯೇ ಕೂತಿರುತ್ತಿದ್ದ. ಪರದೆಯ ತುಂಬ ಅತಿಥಿಯ ಮುಖ. ಮನಶ್ಶಾಸ್ತ್ರಜ್ಞ ಯೂಂಗ್ ಅವರೊಂದಿಗಿನ ಮಾತುಕತೆ ಆ ಸಾಲಿನದು. ಆ ವೃದ್ಧರು ಉತ್ತರ ಹುಡುಕುವಾಗ ಕಣ್ಣು ಎತ್ತ ಹೋಗುತ್ತದೆ ಎಂದು ನೋಡಲು ನಾನು ಅದನ್ನು ಮತ್ತೆ ಮತ್ತೆ ಹಾಕಿಕೊಂಡಿದ್ದೇನೆ.

ನಮ್ಮಲ್ಲಿ ಗಿರೀಶ ಕಾರ್ನಾಡರು 1972ರಲ್ಲಿ ಬೇಂದ್ರೆಯವರ ಮೇಲೆ ಸಾಕ್ಷ್ಯಚಿತ್ರ ಮಾಡಿದರು. ಬೇಂದ್ರೆಯವರನ್ನು ಎದುರಿಗೆ ಕಾಣದ ನನ್ನ ತಲೆಮಾರಿನವರಿಗೆ ಅವರು ಪುಸ್ತಕದ ಬೆನ್ನಿನ ಫೋಟೋ ಆಗಿ ಉಳಿಯದೆ ನಡೆದಾಡುವ ಮನುಷ್ಯನಾಗಿ ಕಂಡದ್ದು ಅಂಥ ಚಿತ್ರದಿಂದ. ಮುಂದೆ ಈಟಿವಿ ಕನ್ನಡದಲ್ಲಿ ಜಯಂತ ಕಾಯ್ಕಿಣಿ ಕುವೆಂಪು, ಬೇಂದ್ರೆ, ಕಾರಂತರ ಬಗ್ಗೆ 'ನಮಸ್ಕಾರ'ದ ಸರಣಿಗಳನ್ನು ನಡೆಸಿಕೊಟ್ಟರು. ಅವರೂ ಬಹುಕಾಲ ಮುಂಬಯಿಯಲ್ಲಿ ಬಾಳಿದವರು. ದೊಡ್ಡವರ ಮಾತು ಹೀಗೆ ಹೇಗೋ ಉಳಿಯುತ್ತದೆ. ಟೇಬಲ್ ಒರೆಸಿದವರ ಮಾತನ್ನು ಉಳಿಸಬೇಕಾದವರು ನಾವು, ಅವರ ಮಕ್ಕಳು.

ಮೊದಲ ಸಲ ನಾನು ಸೋತೆ. ಕ್ಯಾಮೆರಾ, ಸ್ಟ್ಯಾಂಡು, ಇಪ್ಪತ್ತೆರಡು ಪ್ರಶ್ನೆ ಬರೆದ ಹಾಳೆ, ಎಲ್ಲ ಹೊತ್ತುಕೊಂಡು ಒಂದು ಆದಿತ್ಯವಾರ ಬೆಳಿಗ್ಗೆ ಹೋದೆ. ಮಾಮ ಇಸ್ತ್ರಿ ಹಾಕಿದ ಗರಿಗರಿ ಅಂಗಿ ತೊಟ್ಟು, ಪರೀಕ್ಷೆಗೆ ಕೂತ ಹುಡುಗನ ಹಾಗೆ ಮೊಣಕಾಲ ಮೇಲೆ ಕೈಯಿಟ್ಟು ಕೂತರು. ನಾನು ಹಾಳೆ ನೋಡಿ ಕೇಳಿದೆ, ಅವರು ಹಾಳೆ ನೋಡಿ ಉತ್ತರಿಸಿದರು. "ನೀವು ಮುಂಬಯಿಗೆ ಬಂದಾಗ ತುಂಬಾ ಕಷ್ಟಪಟ್ಟಿರಬೇಕು ಅಲ್ವಾ ಮಾಮ?" "ಹೌದು." ಮುಗಿಯಿತು. ಹೌದು ಎನ್ನಲು ಬರುವ ಪ್ರಶ್ನೆ ಕೇಳಿದ ಮೇಲೆ ಹೌದು ಎಂದೇ ಉತ್ತರ ಬರುತ್ತದೆ. ಅದರ ಮೇಲೆ ಪಕ್ಕದ ಪ್ಲಾಟಿನಲ್ಲಿ ಕಲ್ಲು ಕೊರೆಯುವ ಯಂತ್ರ, ಮೇಲಿನ ಮನೆಯಲ್ಲಿ ಕುಕ್ಕರಿನ ಸೀಟಿ, ಗರಿ ಅಂಗಿಗೆ ಉಜ್ಜಿದ ಮೈಕಿನ ಚರಚರ. ಹದಿನೈದು ನಿಮಿಷಕ್ಕೇ ಕ್ಯಾಮೆರಾ ಮಡಚಿಟ್ಟು ಚಾ ಕುಡಿದೆವು. ಚಾ ಕುಡಿಯುವಾಗ ಮಾಮ ಹೇಳಿದ ಒಂದು ಕಥೆ ಆ ಹದಿನೈದು ನಿಮಿಷಕ್ಕಿಂತ ಹತ್ತು ಪಾಲು ಮೇಲಿತ್ತು, ಅದು ನನ್ನ ಹತ್ತಿರ ಈಗ ಇಲ್ಲ. ನನ್ನ ನೆನಪಿನಲ್ಲಿ ಅದರ ಸಾರಾಂಶ ಇದೆ, ಅವರ ಮಾತಿಲ್ಲ.

ಆಮೇಲೆ ಎರಡು ಸಲ ಬರಿಗೈಯಲ್ಲಿ ಹೋದೆ. ಯೋಜನೆ ಎಂದರೆ ನಿಜಕ್ಕೂ ಈ ಬರಿಗೈಯ ಭೇಟಿಗಳೇ. ಹೋಗಿ ಸುಮ್ಮನೆ ಕೂತು ಮನೆಯನ್ನು ಕೇಳಬೇಕು, ನೋಡಬೇಕು. ಕೊರೆಯುವ ಯಂತ್ರದವರು ಮಧ್ಯಾಹ್ನ ಒಂದಕ್ಕೆ ಊಟಕ್ಕೆ ಕೂತರೆ ಎರಡರವರೆಗೆ ಸದ್ದಿಲ್ಲ ಎಂದು ಗೊತ್ತಾದದ್ದು ಹೀಗೆ. ಅದೇ ಹೊತ್ತಿಗೆ ಎದುರಿನ ಕಟ್ಟಡದ ಬಿಳಿ ಗೋಡೆಗೆ ಬಿಸಿಲು ತಿರುಗಿ, ಅಲ್ಲಿಂದ ಚಿಮ್ಮಿದ ಬೆಳಕು ಮಾಮನ ಕಿಟಕಿಯೊಳಗೆ ಬೀಳುತ್ತಿತ್ತು. ಬೆಳಕು ಒಳ್ಳೆಯದೇ, ಸ್ವಲ್ಪ ಕಟುವಾಗಿತ್ತು ಅಷ್ಟೆ. ಮಾಮಿ ಪೆಟ್ಟಿಗೆಯಿಂದ ಒಂದು ಹಳೆಯ ಬಿಳಿ ಪಂಚೆ ತೆಗೆದುಕೊಟ್ಟರು. ತೊಳೆದು ತೊಳೆದು ಮೆತ್ತಗಾದ ಬಟ್ಟೆ. ಅದನ್ನು ಕಿಟಕಿಗೆ ಅಡ್ಡ ಕಟ್ಟಿದೆವು. ಆ ಪಂಚೆಯಲ್ಲಿ ಸೋಸಿ ಬಂದ ಬೆಳಕು ಕೆನ್ನೆಯ ಒಂದು ಮಗ್ಗುಲಿಗೆ ಹರಡಿ, ಮೂಗಿನಾಚೆ ನಿಧಾನಕ್ಕೆ ನೆರಳಾಗುತ್ತಿತ್ತು. ಸಾವಿರಾರು ರೂಪಾಯಿಯ ದೀಪ ಬಾಡಿಗೆಗೆ ತಂದರೂ ಮುದಿಚರ್ಮದ ಮೇಲೆ ಅಷ್ಟು ಮೃದುವಾಗಿ ಕೂರುವ ಬೆಳಕು ನನಗೆ ಸಿಗುತ್ತಿರಲಿಲ್ಲ. ಟ್ಯೂಬ್‌ಲೈಟು ಆರಿಸಿದೆವು. ನಮ್ಮ ಕರೆಂಟಿಗೆ ಟ್ಯೂಬು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕಣ್ಣಿಗೆ ಕಾಣದ ಆ ಮಿಣುಕು ಕೆಲವೊಮ್ಮೆ ಕ್ಯಾಮೆರಾದಲ್ಲಿ ಪಟ್ಟೆ ಪಟ್ಟೆಯಾಗಿ ಓಡುತ್ತದೆ. ಅಡುಗೆಮನೆಯ ಟ್ಯೂಬು ಆರಿಸುವ ಹಾಗಿರಲಿಲ್ಲ, ಅದಕ್ಕಾಗಿ ಶಟರನ್ನು ಸೆಕೆಂಡಿನ ಐವತ್ತನೇ ಒಂದು ಭಾಗಕ್ಕೆ ಇಟ್ಟೆ.

ಕುರ್ಚಿಯ ವಿಷಯ ಹೇಳಲೇಬೇಕು. ತಿರುಗುವ ಕುರ್ಚಿ ಬೇಡ, ಕಿರುಗುಟ್ಟುವ ಕುರ್ಚಿ ಬೇಡ, ಒರಗಿದರೆ ನಿದ್ದೆ ಬರುವ ಕುರ್ಚಿ ಸುತರಾಂ ಬೇಡ. ಅವರು ದಿನಾ ಪೇಪರ್ ಓದುವ ಮರದ ಕುರ್ಚಿಯೇ ಸರಿ ಎಂದು ತೀರ್ಮಾನವಾಯಿತು. ಕ್ಯಾಮೆರಾ ಅವರ ಕಣ್ಣಿನ ಎತ್ತರಕ್ಕೆ, ನಾನು ಲೆನ್ಸಿಗೆ ಭುಜ ತಾಗುವಷ್ಟು ಹತ್ತಿರ. ಹಾಗೆ ಕೂತರೆ ಅವರು ನನ್ನನ್ನು ನೋಡಿದರೂ ನೋಡುಗರಿಗೆ ತಮ್ಮ ಪಕ್ಕದವರೊಡನೆ ಮಾತಾಡಿದಂತೆ ಇರುತ್ತದೆ. ಅಂಗಿ, ದಿನವೂ ತೊಡುವ ಹತ್ತಿ ಅಂಗಿ. ಮೈಕು ಗದ್ದದಿಂದ ಒಂದು ಗೇಣು ಕೆಳಗೆ. ಕೊರಳ ಸರ ಮೈಕಿಗೆ ಬಡಿಯದ ಹಾಗೆ ಮಾಮಿಯೇ ಅದನ್ನು ಬೆನ್ನಿನ ಕಡೆ ತಿರುಗಿಸಿದರು. ಅಂದು ಹನ್ನೊಂದೂವರೆಗೇ ಮಾಮನಿಗೆ ಗಂಜಿ ಬಡಿಸಿಯೂ ಆಗಿತ್ತು. ಇಡೀ ಮನೆ ಒಂದು ಗಂಟೆಯ ಮಾತಿಗಾಗಿ ತನ್ನ ದಿನಚರಿ ಹೊಂದಿಸಿಕೊಂಡಿತ್ತು.

ಪ್ರಶ್ನೆಯ ಹಾಳೆಯನ್ನು ಮನೆಯಲ್ಲೇ ಬಿಟ್ಟಿದ್ದೆ. ಐದು ಪ್ರಶ್ನೆ ಬಾಯಿಪಾಠ ಮಾಡಿಕೊಂಡಿದ್ದೆ, ಅವೂ ಕಣ್ಣಿಗೆ ಕಾಣುವ ವಸ್ತುಗಳ ಬಗ್ಗೆ. ಹೇಗನ್ನಿಸಿತು ಎಂದು ಕೇಳಿದರೆ ನಮ್ಮ ಕಡೆಯ ಹಿರಿಯರು ನಾಚಿಕೊಳ್ಳುತ್ತಾರೆ. ಏನಿತ್ತು, ಎಲ್ಲಿತ್ತು, ಯಾವ ಬಣ್ಣ ಎಂದು ಕೇಳಿದರೆ ಬಾಗಿಲು ತಾನಾಗಿ ತೆರೆಯುತ್ತದೆ. ಮಾಮ ಬಂದ ಕಾಲಕ್ಕೆ ಕೊಂಕಣ ರೈಲು ಇರಲಿಲ್ಲ, ಅದು ಪೂರ್ತಿಯಾದದ್ದು 1998ರಲ್ಲಿ. ಘಟ್ಟ ಹತ್ತಿ ಬಸ್ಸು ಬದಲಿಸುತ್ತ ಬಂದ ಹದಿಮೂರರ ಹುಡುಗ ಅವರು. ನಾನು ಕೇಳಿದ್ದು ಇಷ್ಟೇ: "ಮಾಮ, ಬಸ್ಸು ಹತ್ತುವಾಗ ನಿಮ್ಮ ಚೀಲದಲ್ಲಿ ಎಂತ ಇತ್ತು?"

ಎರಡು ಅಂಗಿ, ಒಂದು ಚಡ್ಡಿ, ಹೋಟೆಲ್ ಧಣಿಗೆ ಕೊಡಲು ಊರಿನವರೊಬ್ಬರು ಬರೆದ ಕಾಗದ, ಅಬ್ಬಿ (ಅಮ್ಮ) ಬಟ್ಟೆಯಲ್ಲಿ ಗಂಟು ಕಟ್ಟಿಕೊಟ್ಟ ಅವಲಕ್ಕಿ. ಲೆಕ್ಕ ಒಪ್ಪಿಸಿದ ಹಾಗೆ ಹೇಳಿ ನಿಲ್ಲಿಸಿದರು. ಉತ್ತರ ಮುಗಿದಿತ್ತು. ಮುಂದಿನ ಪ್ರಶ್ನೆ ನನ್ನ ನಾಲಗೆಯ ತುದಿಯಲ್ಲೇ ಇತ್ತು. ಕೇಳಲಿಲ್ಲ. ಮನಸ್ಸಿನಲ್ಲೇ ಎಣಿಸುತ್ತ ಕೂತೆ, ಒಂದು, ಎರಡು, ಮೂರು. ಚಿತ್ರದಲ್ಲಿ ಆ ಮೌನ ಏಳು ಸೆಕೆಂಡಿನದು. ಮಾಮ ನನ್ನಿಂದ ಕಣ್ಣು ತೆಗೆದು ಕಿಟಕಿಯ ಪಂಚೆಯ ಕಡೆ ನೋಡುತ್ತಾರೆ. ಬಲಗೈ ಹೆಬ್ಬೆರಳು ತೋರುಬೆರಳಿನ ಬುಡವನ್ನು ಮೆಲ್ಲಗೆ ಉಜ್ಜುತ್ತದೆ. ಆಮೇಲೆ, ಅಲ್ಲಿಯವರೆಗೆ ಆಡುತ್ತಿದ್ದ ಪೇಟೆಯ ಕನ್ನಡ ಬಿಟ್ಟು ಊರಿನ ಕನ್ನಡಕ್ಕೆ ಇಳಿದು ಹೇಳುತ್ತಾರೆ: "ಅವಲಕ್ಕಿ ಮುಗ್ದ್ ಮೇಲೂ ಆ ಬಟ್ಟಿ ಒಂದ್ ತಿಂಗ್ಳ್ ತೊಳೀಲಿಲ್ಲ. ಊರಿನ ವಾಸ್ನಿ ಇತ್ತ್ ಅದ್ರಗೆ."

ಈ ಒಂದು ಮಾತಿಗಾಗಿ ಉಳಿದದ್ದೆಲ್ಲ. ಸಂದರ್ಶನದ ರಸ ಹೆಚ್ಚಾಗಿ ಉತ್ತರ ಮುಗಿದ ಮೇಲೆ ಒಸರುತ್ತದೆ. ಮೊದಲ ಉತ್ತರ ಎಲ್ಲರಿಗೂ ಹೇಳಿ ಹೇಳಿ ಸವೆದದ್ದು. ಎರಡನೆಯದು ಅವರು ತಮಗೇ ಹೇಳಿಕೊಳ್ಳುವುದು. ಅವೆರಡರ ನಡುವಿನ ಏಳು ಸೆಕೆಂಡು ಕಾಯಲಾರದ ಸಂದರ್ಶಕ ಎಷ್ಟು ಓದಿಕೊಂಡಿದ್ದರೂ ಪ್ರಯೋಜನವಿಲ್ಲ. ಟಿವಿಯ ಅನೇಕ ಸಂದರ್ಶನಗಳಲ್ಲಿ ಈ ಮೌನವನ್ನು ಕತ್ತರಿಸಿ ಎಸೆಯುತ್ತಾರೆ, ಇಲ್ಲವೇ ಅದರ ಮೇಲೆ ಕೊಳಲು ಸುರಿಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ತಾಳಮದ್ದಳೆಯಲ್ಲಿ ಪದದ ಕೊನೆಗೆ ಭಾಗವತರು ಬಿಟ್ಟುಕೊಡುವ ಜಾಗದ ಹಾಗೆ ಅದು ಅದರ ಪಾಡಿಗೆ ಇರಬೇಕು.

ಮಾಮ ಮೊದಲು ಟೇಬಲ್ ಒರೆಸುವ ಮಾಣಿ, ಆಮೇಲೆ ಸಪ್ಲಯರ್. ಹಗಲೆಲ್ಲ ದುಡಿದು ರಾತ್ರಿಶಾಲೆ. ಕೊನೆಗೆ ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಸಪ್ಲಯರ್ ಕೆಲಸದ ಬಗ್ಗೆ ಕೇಳುವಾಗ ಮಾಮಿ ಒಳಗಿನಿಂದ ನಾಲ್ಕು ಸ್ಟೀಲ್ ಲೋಟ ತಂದಿಟ್ಟರು. ಅದು ನನ್ನ ಯೋಜನೆಯಲ್ಲಿ ಇರಲಿಲ್ಲ, ಅವರಿಗೇ ಹೊಳೆದದ್ದು. ಮಾಮ ಲೋಟಗಳನ್ನು ನೋಡಿ ನಕ್ಕರು. ಬಲಗೈ ಬೆರಳುಗಳನ್ನು ಅಗಲಿಸಿದರು. ತೋರುಬೆರಳು ನೇರವಾಗಲಿಲ್ಲ, ಗಂಟಿನಲ್ಲಿ ಸಂಧಿವಾತ. ಕಿರುಬೆರಳು ಉಂಗುರಬೆರಳಿನ ಸಂದಿಗೆ ಒಂದು ಲೋಟ, ಅದರ ಮುಂದಿನ ಸಂದಿಗೆ ಇನ್ನೊಂದು, ಮತ್ತೊಂದು, ಹೆಬ್ಬೆರಳ ಹಿಡಿತಕ್ಕೆ ನಾಲ್ಕನೆಯದು. ಕೈ ಮೇಲೆತ್ತಿದರು. ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಕಿಣಿಗುಟ್ಟಿದವು, ಬೀಳಲಿಲ್ಲ. ಕೈ ಸ್ವಲ್ಪ ನಡುಗುತ್ತಿತ್ತು. ಲೋಟದ ಅಂಚಿನಲ್ಲಿ ಕಿಟಕಿಯ ಬೆಳಕೂ ಅದರ ಜೊತೆ ನಡುಗುತ್ತಿತ್ತು. "ಈಗ ಬಿಸಿ ಚಾ ಇದ್ದರೆ ಆಗ್ತಿರಲಿಲ್ಲ" ಅಂದರು. ಮತ್ತೆ ಆ ಕೈಯನ್ನೇ ನೋಡುತ್ತ ಯಾವ ಟೇಬಲಿನಲ್ಲಿ ಯಾರು ಕೂರುತ್ತಿದ್ದರು, ಯಾರು ಚಿಲ್ಲರೆ ಬಿಟ್ಟು ಹೋಗುತ್ತಿದ್ದರು ಎಂದು ಹತ್ತು ನಿಮಿಷ ನಿಲ್ಲಿಸದೆ ಹೇಳಿದರು. ಬಾಯಿ ಮರೆತದ್ದು ಕೈಗೆ ನೆನಪಿತ್ತು.

ಕೆಲಸ ಮಾಡುವ ಕೈ ನಾಲಗೆಯನ್ನು ಬಿಚ್ಚುತ್ತದೆ ಎಂಬುದನ್ನು ಜಗತ್ತಿನ ದೊಡ್ಡ ಸಾಕ್ಷ್ಯಚಿತ್ರಕಾರರು ತಿಳಿದಿದ್ದರು. ಕ್ಲಾಡ್ ಲಾಂಜ್ಮನ್ 1985ರಲ್ಲಿ ಮುಗಿಸಿದ 'ಶೋವಾ' ಒಂಬತ್ತು ಗಂಟೆಗೂ ಮೀರಿದ ಚಿತ್ರ. ಅದರಲ್ಲಿ ನಾಜಿ ಶಿಬಿರದಿಂದ ಬದುಕಿ ಬಂದ ಕ್ಷೌರಿಕರೊಬ್ಬರನ್ನು ಅವರು ಟೆಲ್ ಅವೀವಿನ ಕ್ಷೌರದಂಗಡಿಯಲ್ಲಿ, ಕತ್ತರಿ ಆಡಿಸುತ್ತಿರುವಾಗಲೇ ಮಾತಾಡಿಸುತ್ತಾರೆ. ಒಂದು ಹಂತದಲ್ಲಿ ಆತನಿಗೆ ಮಾತೇ ಹೊರಡುವುದಿಲ್ಲ, ಲಾಂಜ್ಮನ್ ಮುಂದುವರಿಸಿ ಎಂದು ಒತ್ತಾಯಿಸುತ್ತಾರೆ. ಆ ಚಿತ್ರದ ಮುಂದೆ ಕೈಮುಗಿಯುತ್ತೇನೆ, ಆದರೆ ಆ ಒತ್ತಾಯ ನನ್ನಿಂದಾಗದು. ಬ್ರೆಜಿಲಿನ ಎಡ್ವಾರ್ಡೊ ಕೌಟಿನ್ಯೊ ನನಗೆ ಹೆಚ್ಚು ಹತ್ತಿರ. 2002ರ 'ಎಡಿಫಿಸಿಯೊ ಮಾಸ್ಟರ್' ಎಂಬ ಅವರ ಚಿತ್ರವಿಡೀ ರಿಯೊದ ಕೋಪಕಬಾನದ ಹನ್ನೆರಡು ಮಾಳಿಗೆಯ ಒಂದೇ ಕಟ್ಟಡದ ನಿವಾಸಿಗಳೊಂದಿಗಿನ ಮಾತುಕತೆ. 276 ಸಣ್ಣ ಮನೆಗಳ ಕಟ್ಟಡ. ಅವರ ತಂಡದವರು ಮೊದಲು ಹೋಗಿ ಮನೆ ಮನೆಯವರ ಪರಿಚಯ ಮಾಡಿಕೊಳ್ಳುತ್ತಿದ್ದರು, ಕೌಟಿನ್ಯೊ ಮಾತ್ರ ಕ್ಯಾಮೆರಾ ಓಡುವಾಗಲೇ ಮೊದಲ ಬಾರಿ ಎದುರು ಕೂರುತ್ತಿದ್ದರು. ಒಮ್ಮೆ ಹೇಳಿದ ಕಥೆಯನ್ನು ಅದೇ ಮನುಷ್ಯನಿಗೆ ಎರಡನೇ ಸಲ ಹೇಳುವಾಗ ಹಸಿತನ ಹೋಗುತ್ತದೆಂಬ ಕಾರಣಕ್ಕೆ. ನಾನು ಬರಿಗೈಯಲ್ಲಿ ಹೋದ ಎರಡು ಸಲವೂ ಮಾಮನ ಹಳೆಯ ಕಥೆ ಕೆದಕಲಿಲ್ಲ. ಮೀನಿನ ರೇಟು, ಮಳೆ, ಊರಿನ ಕೋಲ, ಇಷ್ಟೇ ಮಾತಾಡಿದ್ದು.

ಮಾಮನ ಮನೆಗೆ ಹೆಚ್ಚು ದೂರವಿಲ್ಲದ ಪಿರೋಜ್‌ಶಾ ನಗರದಲ್ಲಿ ಗೋದ್ರೆಜ್ ಕಂಪೆನಿಯ ದಾಖಲಾಗಾರವಿದೆ, 2006ರಲ್ಲಿ ಶುರುವಾದದ್ದು. ಕಾಗದಪತ್ರ, ಜಾಹೀರಾತುಗಳ ಜೊತೆಗೆ ನಿವೃತ್ತರನ್ನು ಕೂರಿಸಿ ಅವರ ನೆನಪುಗಳನ್ನು ಧ್ವನಿಮುದ್ರಿಸಿಕೊಳ್ಳುವ ಕೆಲಸ ಅಲ್ಲಿ ನಡೆದಿದೆ. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಗೆ 1951ರಲ್ಲಿ ಉಕ್ಕಿನ ಮತಪೆಟ್ಟಿಗೆಗಳು ತಯಾರಾದದ್ದು ವಿಕ್ರೋಳಿಯ ಗೋದ್ರೆಜ್ ಕಾರ್ಖಾನೆಯಲ್ಲಿ, ಹನ್ನೆರಡು ಲಕ್ಷಕ್ಕೂ ಹೆಚ್ಚು. ಹೊರಗೆ ಬೀಗ ಹಾಕುವಂತೆ ಮಾಡಿದರೆ ಪೆಟ್ಟಿಗೆಯ ಖರ್ಚು ಏರುತ್ತಿತ್ತು. ಒಳಗಿನಿಂದಲೇ ಬಿಗಿಯುವ ಉಪಾಯ ಹೂಡಿದ್ದು ಶಾಪ್ ಫ್ಲೋರಿನ ಕೆಲಸಗಾರ ನಾಥಾಲಾಲ್ ಪಾಂಚಾಲ್. ಈ ಸಂಗತಿ ಹಳೆಯ ಸಹೋದ್ಯೋಗಿಯೊಬ್ಬರು ಸಂದರ್ಶನದಲ್ಲಿ ಹೇಳಿದ್ದರಿಂದ ಹೊರಗೆ ಬಂತು. ಲಕ್ಷಗಟ್ಟಲೆ ಪೆಟ್ಟಿಗೆಗಳ ಲೆಕ್ಕ ಕಡತಗಳಲ್ಲಿ ಸಿಗಬಹುದು. ಅವುಗಳ ಬೀಗ ಯಾರ ತಲೆಯಲ್ಲಿ ಮೊದಲು ಹೊಳೆಯಿತು ಎಂಬುದು ಪಕ್ಕದಲ್ಲಿ ನಿಂತು ಕೆಲಸ ಮಾಡಿದವರ ಬಾಯಿಂದಲೇ ಬರಬೇಕು. ಈ ಹೆಸರು ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಯಾರೋ ಒಬ್ಬರು ಸರಿಯಾದ ಹೊತ್ತಿಗೆ ಹೋಗಿ ಕೇಳಿದರು, ಆದ್ದರಿಂದ ಅದು ಉಳಿಯಿತು.

ಮಾಮನ ಮಾತು 52 ನಿಮಿಷ ನಡೆಯಿತು. ಎರಡಕ್ಕೆ ಇನ್ನೂ ಐದು ನಿಮಿಷ ಇದೆ ಎನ್ನುವಾಗ ನಿಲ್ಲಿಸಿ, ಎಲ್ಲರೂ ಒಂದು ನಿಮಿಷ ಅಲುಗಾಡದೆ ಕೂರೋಣ ಎಂದು ಕೇಳಿಕೊಂಡೆ. ಇದು ಕೋಣೆಯ ಸದ್ದನ್ನು ತುಂಬಿಕೊಳ್ಳುವ ಕ್ರಮ. ಯಾವ ಎರಡು ಕೋಣೆಗಳ ಮೌನವೂ ಒಂದೇ ಅಲ್ಲ. ಸಂಕಲನದಲ್ಲಿ ಮಾತು ಕತ್ತರಿಸಿ ಜೋಡಿಸುವಾಗ ನಡುವೆ ಪೂರ್ತಿ ನಿಶ್ಶಬ್ದ ಬಿಟ್ಟರೆ ಕಿವಿಗೆ ಗುಂಡಿಯಲ್ಲಿ ಬಿದ್ದಂತಾಗುತ್ತದೆ; ಆ ಸಂದಿಗಳಿಗೆ ಅದೇ ಕೋಣೆಯ ಮೌನವನ್ನು ಮೆತ್ತಬೇಕು. ಮಾಮ, ಮಾಮಿ, ನಾನು ಒಬ್ಬರನ್ನೊಬ್ಬರು ನೋಡದೆ ಕೂತೆವು. ದೂರದ ಹೈವೇಯ ಮೊರೆತ, ಪಂಚೆ ಕಿಟಕಿಯ ಸರಳಿಗೆ ತಾಗುವ ಸಪ್ಪಳ, ಕೆಳಗೆ ಯಾರೋ ಬಕೆಟ್ ಎಳೆದದ್ದು, ಮಾಮನ ಉಸಿರು. ಆಮೇಲೆ ಫ್ರಿಜ್ ಹಾಕಿ ಕೀಲಿ ತೆಗೆದುಕೊಂಡೆ. ಕೀಲಿ ತಣ್ಣಗಿತ್ತು, ಹಾಲು ಚೆನ್ನಾಗಿತ್ತು, ಅದರಲ್ಲೇ ಮಾಮಿ ಚಾ ಮಾಡಿದರು.

ಚಿತ್ರ ಸಿದ್ಧವಾದಾಗ ಅವರು ಆ ಮನೆಯಲ್ಲಿ ಇರಲಿಲ್ಲ. ಡೊಂಬಿವಲಿಯ ಬಾಡಿಗೆ ಮನೆಯಲ್ಲಿ, ಮಗನ ಟಿವಿಯಲ್ಲಿ ಹಾಕಿ ತೋರಿಸಿದೆ. ಲೋಟದ ದೃಶ್ಯ ಬಂದಾಗ ಮಾಮ ತಮಗರಿವಿಲ್ಲದೆ ಬೆರಳು ಅಗಲಿಸಿದರು. ಮಾಮಿಯ ಕಣ್ಣು ಬೇರೆ ಕಡೆ ಇತ್ತು. "ಫ್ಯಾನ್ ಆರಿಸಿದ್ದಕ್ಕೆ ಎಷ್ಟು ಬೆವರಿದ್ದಾರೆ ನೋಡು" ಅಂದರು, ಸೆರಗಿನ ತುದಿ ಕೈಯಲ್ಲಿ ಹಿಡಿದುಕೊಂಡು. ಹೌದು, ಮಾಮನ ಹಣೆಯ ಮೇಲೆ ಬೆವರಿನ ಸಾಲು ಇದೆ. ಬೆಳಕಿಗೆ ಅದು ಹೊಳೆಯುತ್ತದೆ. ಅಷ್ಟು ಸಲ ನೋಡಿದ ನಾನು ಅದನ್ನು ಬೆಳಕಿನ ಚೆಂದ ಎಂದು ತಿಳಿದಿದ್ದೆ.

ಮಳೆಗಾಲ ಕಳೆದ ಮೇಲೆ ಕಟ್ಟಡ ಕೆಡವಿದರು. ನಿಮ್ಮ ಮನೆಯಲ್ಲಿ, ನಿಮ್ಮ ಚಾಳಿನಲ್ಲಿ ಇಂಥ ಹಿರಿಯರಿದ್ದರೆ ತಡಮಾಡಬೇಡಿ. ಮೊದಲು ಒಮ್ಮೆ ಬರಿಗೈಯಲ್ಲಿ ಹೋಗಿ ಚಾ ಕುಡಿದು ಬನ್ನಿ. ಆಮೇಲೆ ಕ್ಯಾಮೆರಾ ಒಯ್ಯಿರಿ, ಮೊಬೈಲಾದರೂ ಸಾಕು. ಅವರ ಒಪ್ಪಿಗೆ ಕೇಳಿ, ಹೆಸರು, ಊರು, ಅಂದಿನ ತಾರೀಕು ಅವರ ಬಾಯಲ್ಲೇ ಹೇಳಿಸಿ, ಎರಡು ಕಡೆ ಪ್ರತಿ ಇಡಿ. ಏಳುವ ಮೊದಲು ಒಂದು ನಿಮಿಷ ಆ ಕೋಣೆಯ ಸದ್ದನ್ನೂ ತುಂಬಿಕೊಂಡು ಬನ್ನಿ.